ಪರೀಕ್ಷೆಗೆ ಎಟುಕದ ವಿದ್ಯಾರ್ಥಿ: ವಿನ್‌ಸ್ಟನ್ ಚರ್ಚಿಲ್

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಸೋಮೇಶ್ವರನ ಪುರಾತನ ದೇಗುಲವನ್ನೂ ವಿಶಾಲವಾದ ಕೆರೆಯನ್ನೂ ಉಳ್ಳ ಹಲಸೂರು ಒಂದು ಕಾಲಕ್ಕೆ ಊರ ಹೊರಗಿನ ಗ್ರಾಮವಾಗಿತ್ತು. 1809ರಲ್ಲಿ ಬ್ರಿಟಿಷರು ಅದರ ನೆರೆಯಲ್ಲಿ ತಮ್ಮ ಸೇನೆಯನ್ನು ನೆಲೆಗೊಳಿಸಿದರು. ಜನರು ಆ ಪ್ರದೇಶವನ್ನು ದಂಡು ಎಂದು ಕರೆದರು. ಕವಾಯತಿನ ಮೈದಾನ, ಅಧಿಕಾರಿಗಳ ಬಂಗಲೆಗಳು, ಇಗರ್ಜಿಗಳು, ಕುದುರೆಲಾಯಗಳು, ಇಂದು ಶಿವಾಜಿನಗರವೆನಿಸಿರುವ ಬ್ಲ್ಯಾಕ್‌ಪಲ್ಲಿಯ ಪೇಟೆ ಇವೆಲ್ಲ ಸೇರಿ ಅದು ಬೇರೆಯೇ ಒಂದು ಪಟ್ಟಣವಾಗಿ ಬೆಳೆಯಿತು. 1881ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಒಡೆಯರ ಮನೆತನಕ್ಕೆ ಮರಳಿ ಬಂದರೂ ದಂಡಿನ ಪ್ರದೇಶವು 1947ರವರೆಗೆ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಈ ದಂಡಿಗೆ 1896ರ ಅಕ್ಟೋಬರ್ ತಿಂಗಳಲ್ಲಿ ನಾಲ್ಕನೆಯ ಹುಸಾರ್ ಅಶ್ವದಳದೊಂದಿಗೆ ಇಪ್ಪತ್ತೊಂದು ವರ್ಷದ ಒಬ್ಬ ಕಿರಿಯ ಅಧಿಕಾರಿಯು ಬಂದಿಳಿದನು. ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿ ಎರಡನೆಯ ಮಹಾಯುದ್ಧವನ್ನು ನಡೆಸಿದ, 1953ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ವಿನ್‌ಸ್ಟನ್ ಚರ್ಚಿಲ್ಲನೇ ಈ ಯುವಕ.

ಬೆಂಗಳೂರಿನ ಜನರಿಗೆ ಚರ್ಚಿಲ್ಲನ ವಿಷಯದಲ್ಲಿ ನೆನಪಿರುವುದು ಒಂದೇ ಸಂಗತಿ. ಇಲ್ಲಿನ ಕ್ಲಬ್ಬಿಗೆ ಆತನು ಕೊಡಬೇಕಾಗಿದ್ದ 13 ರೂಪಾಯಿಗಳು ವಸೂಲಾಗದ ಬಾಕಿಯೆಂದು 1899ರ ಲೆಕ್ಕದ ಪುಸ್ತಕದಲ್ಲಿ ದಾಖಲೆಯಾಗಿವೆ. ಸಾಲದ ಕಥೆಗೆ ರುಚಿ ಹೆಚ್ಚು. ಆದರೆ ಉಪಾಧ್ಯಾಯರ ದೃಷ್ಟಿಗೆ ಬೀಳಬೇಕಾದ ಸಂಗತಿ ಇನ್ನೊಂದಿದೆ. ಬೆಂಗಳೂರಿಗೆ ಬಂದಾಗ ಈತನು ಶಾಲೆಯಲ್ಲಿ ದಡ್ಡನೆನಿಸಿಕೊಂಡು, ಪ್ರವೇಶಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ, ತಂದೆಯ ತಿರಸ್ಕಾರಕ್ಕೆ ಪಾತ್ರನಾಗಿ ಬಂದವನು. ಇಲ್ಲಿಂದ ಹೊರಟಾಗ ಒಂದು ಗ್ರಂಥವನ್ನು ಪ್ರಕಟಿಸಿದ್ದ ವಿದ್ಯಾವಂತನಾಗಿದ್ದನು. ಈ ನಡುವಣ ಕಥೆಯನ್ನು ತಿಳಿಯಬೇಕಾದರೆ ಆತನ ಬಾಲ್ಯಕ್ಕೆ ಹೋಗಬೇಕು.

ವಿನ್‌ಸ್ಟನ್ 1874ರ ನವೆಂಬರ್ 30ರಂದು ಇಂಗ್ಲೆಂಡಿನ ಬ್ಲೆನ್‌ಹೀಮ್ ಅರಮನೆಯಲ್ಲಿ ಹುಟ್ಟಿದನು. ತಂದೆ ಲಾರ್ಡ್ ರ್‍ಯಾಂಡಾಲ್ಫ್ ಚರ್ಚಿಲ್ ರಾಜಕಾರಣದಲ್ಲಿ ಮಿಂಚಿನಂತೆ ಮೇಲೇರಿದವನು. 1885ರಲ್ಲಿ ಕೆಲವು ಕಾಲ ಭಾರತ ವ್ಯವಹಾರಗಳ ಮಂತ್ರಿಯೂ ಆಗಿದ್ದನು. ತಾಯಿ ಜೆನ್ನಿ ಅಮೆರಿಕದವಳು, ರೂಪವತಿ, ಔತಣಕೂಟಗಳ ಮಧ್ಯೆ ಕಾಲ ಕಳೆಯುವವಳು. ತಂದೆತಾಯಿಗಳಿಬ್ಬರಿಗೂ ಮಗನನ್ನು ಮಾತನಾಡಿಸಲು ಬಿಡುವಿರಲಿಲ್ಲ. ಮಗುವನ್ನು ಎತ್ತಿ ಆಡಿಸಿದವಳು, ಹಸಿವೆ ನೀರಡಿಕೆಗಳನ್ನು ವಿಚಾರಿಸಿದವಳು ಎಲಿಜಬೆತ್ ಎವರೆಸ್ಟ್ ಎಂಬ ದಾದಿ. ತಾತನು ಐರ್ಲೆಂಡಿನಲ್ಲಿ ರಾಜಪ್ರತಿನಿಧಿಯಾಗಿದ್ದುದರಿಂದ ಮಗುವಿನ ಮೊದಲ ನೆನಪುಗಳು ಡಬ್ಲಿನ್ ನಗರದವು. ಅಳುವಿಲ್ಲದೆ ಓದು ಕಲಿಸುವುದಾಗಿ ಹೇಳಿಕೊಳ್ಳುವ ಒಂದು ಬಾಲಬೋಧೆಯನ್ನು ದಾದಿ ಅಲ್ಲಿಯೇ ಆತನ ಕೈಗೆ ಕೊಟ್ಟಳು. ಪಾಠ ಹೇಳುವ ಶಿಕ್ಷಕಿಯೊಬ್ಬಳು ಬರುವಳೆಂಬ ಸುದ್ದಿ ಕೇಳಿದ ಬಾಲಕನು ಮನೆಯ ಸುತ್ತಣ ಪೊದೆಗಳಲ್ಲಿ ಓಡಿ ಅಡಗಿಕೊಂಡನಂತೆ. ಅಕ್ಷರಗಳು ಹೇಗೋ ಬಂದವು. ಅಂಕಿಗಳು ಮಾತ್ರ ಆತನಿಗೆ ಆಗಲೇ ಶತ್ರುಗಳಾದವು.

ಎಂಟನೆಯ ವಯಸ್ಸಿಗೆ ಸ್ವಲ್ಪ ಮೊದಲು, 1882ರಲ್ಲಿ, ಆತನನ್ನು ಆಸ್ಕಟ್ಟಿನ ಒಂದು ವಸತಿಶಾಲೆಗೆ ಸೇರಿಸಿದರು. ಮೊದಲ ದಿನವೇ ಲ್ಯಾಟಿನ್ ಭಾಷೆಯ ಒಂದು ಶಬ್ದದ ವಿಭಕ್ತಿರೂಪಗಳನ್ನು ಅರ್ಧ ಗಂಟೆಯಲ್ಲಿ ಕಂಠಪಾಠ ಮಾಡಬೇಕೆಂದು ಅಪ್ಪಣೆಯಾಯಿತು. ಶಬ್ದದ ಅರ್ಥ ಮೇಜು. ಹುಡುಗನು ಬಾಯಿಪಾಠ ಒಪ್ಪಿಸಿದನು. ಒಪ್ಪಿಸಿದ ಮೇಲೆ, ಒಂದೇ ಶಬ್ದಕ್ಕೆ ಮೇಜು ಎಂದೂ ಎಲೈ ಮೇಜೇ ಎಂದೂ ಎರಡು ಅರ್ಥ ಹೇಗೆಂದು ಕೇಳಿದನು. ಮೇಜನ್ನು ಕರೆದು ಮಾತನಾಡಿಸುವಾಗ ಹಾಗೆ ಹೇಳಬೇಕೆಂದು ಮೇಷ್ಟರು ಉತ್ತರ ಕೊಟ್ಟರು. ತಾನು ಎಂದೂ ಮೇಜನ್ನು ಮಾತನಾಡಿಸುವುದಿಲ್ಲವಲ್ಲ ಎಂದು ಹುಡುಗನು ಆಶ್ಚರ್ಯಪಟ್ಟನು. ಅಧಿಕಪ್ರಸಂಗಕ್ಕೆ ಕಠಿಣ ಶಿಕ್ಷೆಯಾಗುವುದೆಂಬ ಎಚ್ಚರಿಕೆಯೊಂದಿಗೆ ಪಾಠ ಮುಗಿಯಿತು.

ರಾಮಶಬ್ದವನ್ನು ಉರುಹಾಕಿದ ನಮ್ಮ ಪಾಠಶಾಲೆಗಳ ಬಾಲಕರಿಗೆ ಈ ಪ್ರಸಂಗವು ಹೊಸದಲ್ಲ. ಲ್ಯಾಟಿನ್ ಭಾಷೆಯ ವಿಭಕ್ತಿಗಳು ಸಂಸ್ಕೃತದ ವಿಭಕ್ತಿಗಳಿಗೆ ಬಂಧುಗಳು; ಸಂಬೋಧನೆಯು ಎರಡರಲ್ಲಿಯೂ ಉಂಟು. ಅಚೇತನವನ್ನು ಸಂಬೋಧಿಸುವುದು ಕವಿಗಳ ಪದ್ಧತಿಯೆಂದೂ, ಮೋಡವನ್ನೇ ದೂತನನ್ನಾಗಿ ಮಾಡಿಕೊಂಡು ಮಾತನಾಡಿಸಿದ ಕಾವ್ಯವೊಂದು ಇದೆಯೆಂದೂ ಹೇಳಿದ್ದರೆ ಆ ಹುಡುಗನು ಕಣ್ಣರಳಿಸಿ ಕೇಳುತ್ತಿದ್ದನು. ಆತನು ಕೇಳಿದುದು ಒಳ್ಳೆಯ ಪ್ರಶ್ನೆಯೇ. ಉತ್ತರ ದೊರೆಯದೆ ಹೋದುದರಿಂದ ಆ ಭಾಷೆಯ ಬಾಗಿಲು ಆತನಿಗೆ ಅಂದೇ ಮುಚ್ಚಿತು.

ಆ ಶಾಲೆಯಲ್ಲಿ ಬೆತ್ತದ ಪ್ರಯೋಗ ನಿರ್ದಯವಾಗಿತ್ತು. ವರದಿಗಳಲ್ಲಿ ತುಂಟನೆಂದೂ, ಹೊತ್ತಿಗೆ ಸರಿಯಾಗಿ ಬಾರದವನೆಂದೂ, ತರಗತಿಯಲ್ಲಿ ಕೊನೆಯವನೆಂದೂ ಬರೆದರು. ಆದರೆ ಅದೇ ಕಾಲದಲ್ಲಿ, ಒಂಬತ್ತೂವರೆ ವರ್ಷದವನಾಗಿದ್ದಾಗ, ತಂದೆ ಕೊಟ್ಟ ಸ್ಟೀವನ್ಸನ್ನನ ನಿಧಿದ್ವೀಪದ ಕಥೆಯನ್ನು ಆತನು ಹಸಿದವನು ಅನ್ನವನ್ನು ಉಣ್ಣುವಂತೆ ಓದಿ ಮುಗಿಸಿದನು. ವಯಸ್ಸಿಗೆ ಮೀರಿದ ಪುಸ್ತಕಗಳನ್ನು ಓದುವವನು ತರಗತಿಯ ತಳದಲ್ಲಿರುವುದು ಅಧ್ಯಾಪಕರಿಗೆ ಮೊಂಡುತನವಾಗಿ ಕಂಡಿತು. ಹುಡುಗನ ಆರೋಗ್ಯ ಕುಗ್ಗಿತು. 1884ರಲ್ಲಿ ಅಲ್ಲಿಂದ ಬಿಡಿಸಿ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಥಾಮ್ಸನ್ ಸೋದರಿಯರು ನಡೆಸುತ್ತಿದ್ದ ಸಣ್ಣ ಶಾಲೆಗೆ ಸೇರಿಸಿದರು. ಅಲ್ಲಿ ಹೊಡೆತವಿರಲಿಲ್ಲ. ಫ್ರೆಂಚ್ ಭಾಷೆ, ಇತಿಹಾಸ, ಪದ್ಯಗಳ ಕಂಠಪಾಠ, ಈಜು, ಕುದುರೆ ಸವಾರಿ ಹೀಗೆ ಆತನಿಗೆ ಪ್ರಿಯವಾದ ವಿಷಯಗಳಿಗೆ ಅವಕಾಶವಿತ್ತು. 1886ರಲ್ಲಿ ನ್ಯುಮೋನಿಯಾದಿಂದ ಸಾವಿನ ಅಂಚಿಗೆ ಹೋಗಿ ಬಂದರೂ ಆ ಶಾಲೆಯ ದಿನಗಳನ್ನು ಆತನು ಕೊನೆಯವರೆಗೂ ಪ್ರೀತಿಯಿಂದಲೇ ನೆನೆದನು.

ಬಳಿಕ ಹ್ಯಾರೋ. ಇಂಗ್ಲೆಂಡಿನ ಗಣ್ಯರ ಮಕ್ಕಳು ಓದುವ ಈ ಪ್ರಸಿದ್ಧ ಶಾಲೆಯ ಪ್ರವೇಶಪರೀಕ್ಷೆಗೆ 1888ರ ಮಾರ್ಚಿಯಲ್ಲಿ ಆತನು ಕುಳಿತನು. ಲ್ಯಾಟಿನ್ ಪ್ರಶ್ನಪತ್ರಿಕೆಯ ಒಂದು ಪ್ರಶ್ನೆಗೂ ಉತ್ತರ ತೋರಲಿಲ್ಲ. ಉತ್ತರಪತ್ರಿಕೆಯ ಮೇಲೆ ತನ್ನ ಹೆಸರನ್ನು ಬರೆದು, ಒಂದನೆಯ ಪ್ರಶ್ನೆಯ ಸಂಖ್ಯೆಯನ್ನು ಬರೆದು, ಬಹಳ ಯೋಚಿಸಿ ಅದರ ಸುತ್ತ ಆವರಣ ಚಿಹ್ನೆಯನ್ನು ಹಾಕಿ, ಉಳಿದ ಕಾಲವನ್ನೆಲ್ಲ ಸುಮ್ಮನೆ ಕಳೆದನಂತೆ. ಎಲ್ಲಿಂದಲೋ ಒಂದು ಮಸಿಯ ಕಲೆಯೂ ಹಾಳೆಯ ಮೇಲೆ ಬಿದ್ದಿತ್ತು. ಇದು 1930ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆತನೇ ಹೇಳಿರುವ ವೃತ್ತಾಂತ. ಕಥೆ ಹೇಳುವುದರಲ್ಲಿ ನಿಪುಣನಾದವನು ಸ್ವಲ್ಪ ಬಣ್ಣ ಹಚ್ಚಿರಲೂ ಬಹುದು. ಬಣ್ಣವನ್ನು ಕಳೆದರೂ ಆತನು ಲ್ಯಾಟಿನ್ನಿನಲ್ಲಿ ಬಲಹೀನನೆಂಬುದು ನಿಜ. ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯರಾದ ವೆಲ್ಡನ್ನರು ಆತನನ್ನು ಸೇರಿಸಿಕೊಂಡರೆಂಬುದೂ ನಿಜ. ಗಣ್ಯನ ಮಗನೆಂಬ ದಾಕ್ಷಿಣ್ಯವೂ ಅದರಲ್ಲಿ ಸೇರಿದ್ದೀತು. ಚರ್ಚಿಲ್ಲನು ಮಾತ್ರ ಕಾಗದದ ಆಚೆಗೂ ಹುಡುಗನನ್ನು ನೋಡಬಲ್ಲ ಗುರು ಎಂದು ವೆಲ್ಡನ್ನರನ್ನು ಗೌರವಿಸಿದನು. ಈ ವೆಲ್ಡನ್ನರೇ ಮುಂದೆ 1898ರಲ್ಲಿ ಕಲ್ಕತ್ತೆಯ ಬಿಷಪ್ಪರಾಗಿ ನಮ್ಮ ದೇಶಕ್ಕೆ ಬಂದವರು.

ಹ್ಯಾರೋದಲ್ಲಿ ಆತನಿಗೆ ದೊರೆತ ಸ್ಥಾನ ಅತ್ಯಂತ ಕೆಳಗಿನ ತರಗತಿಯ ಅತ್ಯಂತ ಕೆಳಗಿನ ವಿಭಾಗ. ಅಲ್ಲಿಂದ ಮೇಲೇರಲು ಇತರರಿಗಿಂತ ಮೂರರಷ್ಟು ಕಾಲ ಹಿಡಿಯಿತು. ಬುದ್ಧಿವಂತರಾದ ಬಾಲಕರು ಲ್ಯಾಟಿನ್, ಗ್ರೀಕ್ ಭಾಷೆಗಳಿಗೆ ಹೋದರು; ದಡ್ಡರೆನಿಸಿದವರಿಗೆ ಇಂಗ್ಲಿಷ್ ಮಾತ್ರ ಕಲಿಸುವುದೆಂದು ಏರ್ಪಾಡಾಯಿತು. ತನ್ನ ಮನೆಮಾತನ್ನು ಕಲಿಯುವುದು ಕೀಳುದರ್ಜೆಯ ವಿದ್ಯೆಯೆಂಬ ಭಾವನೆ ಆಗ ಇಂಗ್ಲೆಂಡಿನಲ್ಲಿಯೂ ಇತ್ತೆಂಬುದು ನಮ್ಮ ಕನ್ನಡ ಪಂಡಿತರಿಗೆ ಸಮಾಧಾನವನ್ನುಂಟುಮಾಡುವ ಸಂಗತಿ! ಆ ದಡ್ಡರ ತರಗತಿಗೆ ಪಾಠ ಹೇಳುತ್ತಿದ್ದವರು ರಾಬರ್ಟ್ ಸಾಮರ್‌ವೆಲ್. ಅವರು ಒಂದು ನೀಳವಾದ ವಾಕ್ಯವನ್ನು ತೆಗೆದುಕೊಂಡು ಕಪ್ಪು, ಕೆಂಪು, ನೀಲಿ, ಹಸಿರು ಮಸಿಗಳಿಂದ ಅದರ ಅಂಗಾಂಗಗಳನ್ನು ಬಿಡಿಸಿ ತೋರಿಸುತ್ತಿದ್ದರು. ಕರ್ತೃಪದಕ್ಕೆ ಒಂದು ಬಣ್ಣ, ಕ್ರಿಯಾಪದಕ್ಕೆ ಒಂದು, ಕರ್ಮಪದಕ್ಕೆ ಮತ್ತೊಂದು, ಉಪವಾಕ್ಯಗಳಿಗೆ ಬೇರೊಂದು. ದಿನವೂ ಇದೇ ಅಭ್ಯಾಸ. ಷಟ್ಪದಿಯೊಂದನ್ನು ಹಿಡಿದು ಪದಚ್ಛೇದ ಮಾಡಿಸಿ, ಕ್ರಿಯಾಪದ ಯಾವುದು, ಯಾರು ಮಾಡಿದರು, ಏನನ್ನು ಮಾಡಿದರು ಎಂದು ಪ್ರಶ್ನಿಸುತ್ತ ಅನ್ವಯ ಹೇಳಿಸುವ ನಮ್ಮ ಹಳೆಯ ಪಂಡಿತರ ಕ್ರಮಕ್ಕೂ ಇದಕ್ಕೂ ಮಸಿಯ ಬಣ್ಣವೊಂದೇ ಭೇದ. ಕೆಳತರಗತಿಯಲ್ಲಿ ಮೂರರಷ್ಟು ಕಾಲ ಕುಳಿತವನಿಗೆ ಈ ಶಿಕ್ಷಣವೂ ಮೂರರಷ್ಟು ದೊರೆಯಿತು. ಇಂಗ್ಲಿಷ್ ವಾಕ್ಯದ ಕಟ್ಟಡವು ಎಲುಬಿನೊಳಗೆ ಇಳಿದುಹೋಯಿತೆಂದು ಮುಂದೆ ಆತನು ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ನೊಬೆಲ್ ಪಾರಿತೋಷಕದ ಅಡಿಗಲ್ಲನ್ನು ಇಟ್ಟವರು ಯಾರೆಂದು ಕೇಳಿದರೆ ಸಾಮರ್‌ವೆಲ್ಲರನ್ನು ತೋರಿಸಬೇಕು.

ಆತನ ಜ್ಞಾಪಕಶಕ್ತಿ ಕುಂಠಿತವಾಗಿತ್ತೇ ಎಂದರೆ ಅದೂ ಇಲ್ಲ. ಮೆಕಾಲೆಯು ಪ್ರಾಚೀನ ರೋಮಿನ ವೀರರನ್ನು ಕುರಿತು ರಚಿಸಿದ ಲಾವಣಿಗಳಲ್ಲಿ 1200 ಸಾಲುಗಳನ್ನು ಮುಖ್ಯೋಪಾಧ್ಯಾಯರ ಮುಂದೆ ಒಂದು ತಪ್ಪೂ ಇಲ್ಲದೆ ಒಪ್ಪಿಸಿ ಇಡೀ ಶಾಲೆಗೆ ಮೀಸಲಾದ ಬಹುಮಾನವನ್ನು ಪಡೆದನು. ಈ ಲಾವಣಿಗಳ ಕಲ್ಪನೆ ಮೆಕಾಲೆಗೆ ಮೊದಲು ಹೊಳೆದುದು ನಮ್ಮ ಸೀಮೆಗೆ ಹೊಂದಿಕೊಂಡ ನೀಲಗಿರಿಯ ತಪ್ಪಲಿನಲ್ಲಿ. ಮೇಲಿನ ತರಗತಿಯ ಬಾಲಕನೊಬ್ಬನೊಡನೆ ಈತನು ಮಾಡಿಕೊಂಡಿದ್ದ ಒಪ್ಪಂದವೂ ಸ್ವಾರಸ್ಯವಾಗಿದೆ. ಆ ಬಾಲಕನಿಗೆ ಲ್ಯಾಟಿನ್ ಸುಲಭ, ಇಂಗ್ಲಿಷ್ ಪ್ರಬಂಧ ಕಷ್ಟ. ಈತನಿಗೆ ಲ್ಯಾಟಿನ್ ಅನುವಾದವನ್ನು ಆತನು ಹೇಳಿಕೊಡುವುದು. ಆತನ ಪ್ರಬಂಧವನ್ನು ಈತನು ಕೋಣೆಯೊಳಗೆ ಅತ್ತಿಂದಿತ್ತ ಅಡ್ಡಾಡುತ್ತ ಬಾಯಲ್ಲಿ ಹೇಳಿ ಬರೆಯಿಸುವುದು. ಹೀಗೆ ಬರೆದ ಒಂದು ಪ್ರಬಂಧವನ್ನು ವೆಲ್ಡನ್ನರು ಮೆಚ್ಚಿ, ಅದನ್ನು ಕುರಿತು ಆ ಬಾಲಕನನ್ನು ಪ್ರಶ್ನಿಸತೊಡಗಿದಾಗ ಗುಟ್ಟು ರಟ್ಟಾಗುವಂತಿತ್ತಂತೆ. ವೆಲ್ಡನ್ನರು ಸ್ವತಃ ಸಾಯಂಪ್ರಾರ್ಥನೆಗೆ ಮುನ್ನ ವಾರಕ್ಕೆ ಮೂರು ದಿನ ಕಾಲು ಗಂಟೆ ಹೊತ್ತು ಈತನನ್ನು ಕೂರಿಸಿಕೊಂಡು ಲ್ಯಾಟಿನ್ ಹೇಳಿಕೊಟ್ಟರು. ಅಷ್ಟು ದೊಡ್ಡ ಶಾಲೆಯ ಮುಖ್ಯಸ್ಥರು ಕೊನೆಯ ಸಾಲಿನ ಹುಡುಗನಿಗೆ ಕೊಟ್ಟ ಆ ಕಾಲು ಗಂಟೆಗೆ ಬೆಲೆ ಕಟ್ಟಲಾಗದು. ಲ್ಯಾಟಿನ್ ಮಾತ್ರ ಕೊನೆಗೂ ಹತ್ತಲಿಲ್ಲ.

ಸೇನೆಗೆ ಸೇರುವ ನಿರ್ಧಾರವೂ ವಿಚಿತ್ರವಾಗಿ ಆಯಿತು. ವಿನ್‌ಸ್ಟನ್ ಸುಮಾರು 1500 ತವರದ ಸಿಪಾಯಿಗಳನ್ನು ಕೂಡಿಟ್ಟು ವ್ಯೂಹಗಳನ್ನು ರಚಿಸಿ ಆಡುತ್ತಿದ್ದನು. ಒಂದು ದಿನ ತಂದೆ ಬಂದು ಇಪ್ಪತ್ತು ನಿಮಿಷ ಅದನ್ನು ನೋಡಿ, ಸೇನೆಗೆ ಸೇರಲು ಇಷ್ಟವೇ ಎಂದು ಕೇಳಿದನು. ಹುಡುಗನು ಹಿಗ್ಗಿ ಒಪ್ಪಿದನು. ತಂದೆಯು ತನ್ನಲ್ಲಿ ಸೇನಾಪತಿಯ ಪ್ರತಿಭೆಯನ್ನು ಕಂಡನೆಂದು ಎಷ್ಟೋ ವರ್ಷ ನಂಬಿದ್ದನು. ವಕೀಲಿ ವೃತ್ತಿಗೆ ಬೇಕಾದ ಬುದ್ಧಿ ಈ ಮಗನಿಗಿಲ್ಲವೆಂದು ತಂದೆ ತೀರ್ಮಾನಿಸಿದ್ದನೆಂಬುದು ಆತನಿಗೆ ತಿಳಿದುದು ಬಹಳ ತಡವಾಗಿ.

ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯಕ್ಕೆ ಪ್ರವೇಶಿಸುವುದು ಸುಲಭವಾಗಿರಲಿಲ್ಲ. ಪ್ರಾಥಮಿಕ ಪರೀಕ್ಷೆಯಲ್ಲಿ ಯಾವುದಾದರೂ ಒಂದು ದೇಶದ ಭೂಪಟವನ್ನು ನೆನಪಿನಿಂದ ಬರೆಯಬೇಕಾಗಿತ್ತು. ಹಿಂದಿನ ರಾತ್ರಿ ದೇಶಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಟೋಪಿಯಲ್ಲಿ ಹಾಕಿ ಒಂದನ್ನು ಎತ್ತಿದನು, ನ್ಯೂಜಿಲೆಂಡ್ ಬಂದಿತು. ಅದೊಂದನ್ನೇ ಅಭ್ಯಾಸ ಮಾಡಿದನು. ಮರುದಿನ ಮೊದಲ ಪ್ರಶ್ನೆಯೇ ನ್ಯೂಜಿಲೆಂಡಿನ ಭೂಪಟ! ಅದೃಷ್ಟ ಅಲ್ಲಿಗೆ ಮುಗಿಯಿತು. ಮುಖ್ಯ ಪರೀಕ್ಷೆಯಲ್ಲಿ 1892ರಲ್ಲಿಯೇ ಎರಡು ಬಾರಿ ಅನುತ್ತೀರ್ಣನಾದನು. ಗಣಿತದಲ್ಲಿ ಮೊದಲ ಬಾರಿ 2500ಕ್ಕೆ ಬಂದುದು 500 ಅಂಕಗಳು. ಆಗ ಹ್ಯಾರೋದ ಗಣಿತದ ಅಧ್ಯಾಪಕರಾದ ಮೇಯೋ ಎಂಬವರು ಈ ಹುಡುಗನ ವಿಷಯದಲ್ಲಿ ವಿಶೇಷ ಆಸ್ಥೆ ವಹಿಸಿದರು. ಗಣಿತವು ಹತಾಶೆಯಿಂದ ತಿರುಗಿ ನೋಡಬೇಕಾದ ಕೆಸರಲ್ಲವೆಂದೂ, ಆ ವಿಚಿತ್ರ ಸಂಕೇತಗಳ ಹಿಂದೆ ಅರ್ಥವಿದೆಯೆಂದೂ, ಅದರಲ್ಲಿ ಸ್ವಲ್ಪವನ್ನಾದರೂ ಕಾಣುವ ಶಕ್ತಿ ಆತನಿಗುಂಟೆಂದೂ ಮನಗಾಣಿಸಿದರು. ಎರಡನೆಯ ಪರೀಕ್ಷೆಯಲ್ಲಿ ಅಂಕಗಳು ಸುಮಾರು 2000ಕ್ಕೆ ಏರಿದವು. ಇಷ್ಟಾದರೂ ಒಟ್ಟು ಮೊತ್ತ ಸಾಲದಾಯಿತು.

ಮೂರನೆಯ ಪ್ರಯತ್ನಕ್ಕೆ ಆತನನ್ನು ಲಂಡನ್ನಿನಲ್ಲಿ ಕ್ಯಾಪ್ಟನ್ ಜೇಮ್ಸ್ ಎಂಬವನ ಬಳಿಗೆ ಕಳುಹಿಸಿದರು. ಸಾಧಾರಣ ಬುದ್ಧಿಯ ಯಾವನನ್ನಾದರೂ ಪರೀಕ್ಷೆಯಲ್ಲಿ ದಾಟಿಸುವುದೇ ಈತನ ಕಸುಬು. ಪರೀಕ್ಷಕರು ಏನನ್ನು ಕೇಳುವರೆಂದು ಊಹಿಸಿ ಅಷ್ಟನ್ನು ಮಾತ್ರ ತುಂಬುವ ವಿದ್ಯೆಯಲ್ಲಿ ಆತ ಪಾರಂಗತ. ನಮ್ಮ ಟ್ಯೂಷನ್ ಮನೆಗಳ ಪೂರ್ವಿಕನೆನ್ನಬಹುದು. ಪಾಠ ಆರಂಭವಾಗುವ ವೇಳೆಗೆ, 1893ರ ಜನವರಿಯಲ್ಲಿ, ಆಟದ ಭರದಲ್ಲಿ ವಿನ್‌ಸ್ಟನ್ ಸೇತುವೆಯ ಮೇಲಿನಿಂದ 29 ಅಡಿ ಕೆಳಕ್ಕೆ ಹಾರಿ ಬಿದ್ದು ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದನು. ಚೇತರಿಸಿಕೊಂಡು ಅದೇ ವರ್ಷ ಮೂರನೆಯ ಬಾರಿ ಪರೀಕ್ಷೆಗೆ ಕುಳಿತು ಉತ್ತೀರ್ಣನಾದನು. ಪದಾತಿದಳಕ್ಕೆ ಬೇಕಾದ ಅಂಕಗಳು ಬಂದಿರಲಿಲ್ಲ. ಅಶ್ವದಳಕ್ಕೆ ಸ್ಥಾನ ಸಿಕ್ಕಿತು.

ಹುಡುಗನು ಹರ್ಷದಿಂದ ತಂದೆಗೆ ಪತ್ರ ಬರೆದನು. ಅಶ್ವದಳವೆಂದರೆ ಕುದುರೆಗಳ ಖರ್ಚು ಹೆಚ್ಚು. ತಂದೆಯಿಂದ ಬಂದ ಉತ್ತರದಲ್ಲಿ ಒಂದು ಮೆಚ್ಚಿಕೆಯ ಮಾತೂ ಇರಲಿಲ್ಲ. ಈ ಬಗೆಯ ಉತ್ತೀರ್ಣತೆ ನಾಚಿಕೆಗೇಡೆಂದೂ, ಹೀಗೆಯೇ ಮುಂದುವರಿದರೆ ಸಮಾಜಕ್ಕೆ ಬೇಡವಾದ ನಿರುಪಯೋಗಿಯಾಗುವನೆಂದೂ ಆತನು ಬರೆದಿದ್ದನು. ತಂದೆಯ ದೇಹವು ಆಗಲೇ ರೋಗದಿಂದ ಜರ್ಜರಿತವಾಗಿತ್ತು. ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಆದರೆ ಹದಿನೆಂಟರ ಮಗನಿಗೆ ಕಾಗದದ ಮಾತುಗಳಷ್ಟೇ ಕಂಡವು. ಸ್ಯಾಂಡ್‌ಹರ್ಸ್ಟಿನಲ್ಲಿ ಲ್ಯಾಟಿನ್ ಇರಲಿಲ್ಲ. ಕೋಟೆ ಕಟ್ಟುವ ಬಗೆ, ನೆಲದ ಅಳತೆ, ಯುದ್ಧತಂತ್ರ, ಸವಾರಿ ಇವೇ ಪಾಠಗಳಾದುದರಿಂದ ಎಲ್ಲರೂ ಒಂದೇ ಗೆರೆಯಿಂದ ಹೊರಟಂತಾಯಿತು. ವಿನ್‌ಸ್ಟನ್ 130 ಜನರಲ್ಲಿ 20ನೆಯವನಾಗಿ ತೇರ್ಗಡೆ ಹೊಂದಿದನು. ಆ ಸಂತೋಷವನ್ನು ತಂದೆಯೊಡನೆ ಹಂಚಿಕೊಳ್ಳಲು ಕಾಲವಿರಲಿಲ್ಲ. 1895ರ ಜನವರಿ 24ರಂದು ರ್‍ಯಾಂಡಾಲ್ಫ್ ತೀರಿಕೊಂಡನು. ಅದೇ ವರ್ಷದ ಜುಲೈ ತಿಂಗಳಲ್ಲಿ ದಾದಿ ಎವರೆಸ್ಟಳೂ ಕಣ್ಣುಮುಚ್ಚಿದಳು. ಕೊನೆಗಳಿಗೆಯಲ್ಲಿ ಆಕೆಯ ಬಳಿ ಕುಳಿತಿದ್ದವನು ವಿನ್‌ಸ್ಟನ್.

ಹೀಗೆ ಇಬ್ಬರನ್ನು ಕಳೆದುಕೊಂಡು ಬೆಂಗಳೂರಿಗೆ ಬಂದ ಯುವಕನಿಗೆ ಇಲ್ಲಿ ಹೇರಳವಾಗಿ ದೊರೆತುದು ಬಿಡುವು. ಇಬ್ಬರು ಜೊತೆಗಾರ ಅಧಿಕಾರಿಗಳೊಡನೆ ಒಂದು ವಿಶಾಲವಾದ ಬಂಗಲೆಯಲ್ಲಿ ಬಿಡಾರ. ಸುತ್ತಲೂ ಗುಲಾಬಿಯ ತೋಟ. ಬೆಳಗ್ಗೆ ಆರಕ್ಕೆ ಕವಾಯತು, ಸಂಜೆ ಐದಕ್ಕೆ ಪೋಲೋ ಆಟ. ನಡುವಣ ಬಿಸಿಲಿನ ವೇಳೆಯಲ್ಲಿ ಉಳಿದವರು ನಿದ್ರಿಸುವಾಗ ಚರ್ಚಿಲ್ಲನು ಓದತೊಡಗಿದನು. ಸಾಕ್ರೆಟೀಸನ ಪದ್ಧತಿಯೆಂಬ ಮಾತನ್ನು ಕೇಳಿದ್ದರೂ ಸಾಕ್ರೆಟೀಸನು ಯಾರು, ಆತನನ್ನು ಏಕೆ ಕೊಂದರು ಎಂಬುದು ತನಗೆ ತಿಳಿಯದೆಂದು ಆತನಿಗೆ ಅರಿವಾಯಿತು. ಅಜ್ಞಾನವನ್ನು ಕಂಡು ನಾಚುವುದಕ್ಕೆ ಬದಲಾಗಿ ಆತನು ತಾಯಿಗೆ ಪತ್ರ ಬರೆದು ಪುಸ್ತಕಗಳನ್ನು ಕೇಳಿದನು. ಬಾಲ್ಯದಲ್ಲಿ ಮಗನ ಪತ್ರಗಳಿಗೆ ಸರಿಯಾಗಿ ಉತ್ತರಿಸದಿದ್ದ ಆ ತಾಯಿ ಈಗ ತಿಂಗಳು ತಿಂಗಳೂ ಹಡಗಿನಲ್ಲಿ ಪುಸ್ತಕಗಳ ಕಟ್ಟುಗಳನ್ನು ಕಳುಹಿಸಿದಳು. ಅವಳ ಮಾತೃತ್ವವು ತಡವಾಗಿಯಾದರೂ ಎಚ್ಚರಗೊಂಡಿತೆನ್ನಬೇಕು.

ರೋಮನ್ ಸಾಮ್ರಾಜ್ಯದ ಅವನತಿಯನ್ನು ಕುರಿತ ಗಿಬ್ಬನ್ನನ ಎಂಟು ಸಂಪುಟಗಳು, ಮೆಕಾಲೆಯ ಇತಿಹಾಸ ಮತ್ತು ಪ್ರಬಂಧಗಳ ಹನ್ನೆರಡು ಸಂಪುಟಗಳು, ಪ್ಲೇಟೋ, ಅರಿಸ್ಟಾಟಲ್, ಶೋಪೆನ್‌ಹೌರ್, ಮಾಲ್ಥಸ್, ಡಾರ್ವಿನ್ ಹೀಗೆ ದಿನಕ್ಕೆ ನಾಲ್ಕೈದು ಗಂಟೆಯಂತೆ ತಿಂಗಳುಗಟ್ಟಲೆ ಓದು ನಡೆಯಿತು. ಇಂಗ್ಲೆಂಡಿನ ಸಂಸತ್ತಿನ ಚರ್ಚೆಗಳನ್ನು ಒಳಗೊಂಡ ವಾರ್ಷಿಕ ದಾಖಲೆಗಳನ್ನು ಆತನು ಅಭ್ಯಾಸ ಮಾಡಿದ ಕ್ರಮ ಗಮನಾರ್ಹವಾದುದು. ಒಂದು ವಿಷಯದ ಚರ್ಚೆಯನ್ನು ಓದುವ ಮೊದಲು ಅದರಲ್ಲಿ ತನ್ನ ಅಭಿಪ್ರಾಯವೇನೆಂದು ಬರೆದಿಡುವುದು; ಅನಂತರ ಚರ್ಚೆಯನ್ನು ಓದುವುದು; ಓದಿದ ಮೇಲೆ ಮತ್ತೆ ಬರೆದು ಎರಡನ್ನೂ ಹೋಲಿಸುವುದು. ಪ್ರಶ್ನೆಯೂ ಉತ್ತರವೂ ತಿದ್ದುಪಡಿಯೂ ಆತನದೇ. ಪರೀಕ್ಷೆಗೆ ಹೆದರುತ್ತಿದ್ದವನು ಪ್ರತಿದಿನವೂ ತನ್ನನ್ನು ತಾನೇ ಪರೀಕ್ಷಿಸಿಕೊಂಡನು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಬೇಕೆಂಬ ಆಸೆಯೂ ಇಲ್ಲಿಯೇ ಹುಟ್ಟಿತು. ವಿಚಾರಿಸಿದಾಗ ಪ್ರವೇಶಕ್ಕೆ ಲ್ಯಾಟಿನ್, ಗ್ರೀಕ್ ಪರೀಕ್ಷೆಗಳು ಕಡ್ಡಾಯವೆಂದು ತಿಳಿಯಿತು. ಗಿಬ್ಬನ್ನನನ್ನು ಅರಗಿಸಿಕೊಂಡವನಿಗೂ ಆ ಬಾಗಿಲು ತೆರೆಯಲಿಲ್ಲ.

1897ರಲ್ಲಿ ವಾಯವ್ಯ ಗಡಿಯ ಮಲಾಕಂಡ್ ಕಾಳಗವನ್ನು ಕಂಡು ಬೆಂಗಳೂರಿಗೆ ಮರಳಿ, ಕೆಲವೇ ವಾರಗಳಲ್ಲಿ ಅದರ ವೃತ್ತಾಂತವನ್ನು ಬರೆದು ಮುಗಿಸಿದನು. 1898ರಲ್ಲಿ ಪ್ರಕಟವಾದ ಅದೇ ಆತನ ಮೊದಲ ಗ್ರಂಥ. ಸವ್ರೋಲಾ ಎಂಬ ಆತನ ಏಕೈಕ ಕಾದಂಬರಿಯನ್ನೂ ಇಲ್ಲಿಯೇ ಆರಂಭಿಸಿದನು.

ಈ ಓದಿಗೆ ಒಂದು ದೊಡ್ಡ ಕೊರತೆಯಿತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಅದೇ ವರ್ಷಗಳಲ್ಲಿ ಇದೇ ಬೆಂಗಳೂರಿನಲ್ಲಿ ಬಿ. ಎಲ್. ರೈಸರು ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ಸಂಪುಟ ಸಂಪುಟವಾಗಿ ಅಚ್ಚುಹಾಕಿಸುತ್ತಿದ್ದರು. ಕಿಟ್ಟೆಲ್ಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಗಿ ಎರಡೇ ವರ್ಷಗಳಾಗಿದ್ದವು. ದಂಡಿನ ಬಂಗಲೆಯ ಓದುಗನು ರೋಮಿನ ಏಳುಬೀಳುಗಳನ್ನು ಬಲ್ಲವನಾದನು. ತನ್ನ ಕುದುರೆಗೆ ಹುಲ್ಲು ಹಾಕುವವನ ಭಾಷೆಯನ್ನು ಕಲಿಯಲಿಲ್ಲ, ಹಿಂದೂಸ್ತಾನಿಯನ್ನೂ ಅವಶ್ಯವೆಂದು ಎಣಿಸಲಿಲ್ಲ. ಎದುರು ವಾದಿಸುವ ಗುರುವಾಗಲಿ ಸಹಪಾಠಿಯಾಗಲಿ ಇಲ್ಲದ ಏಕಾಂತದ ವಿದ್ಯೆಗೆ ಈ ಅಪಾಯವುಂಟು. 1930ರ ದಶಕದಲ್ಲಿ ಭಾರತದ ಸ್ವಯಮಾಡಳಿತವನ್ನು ಆತನು ಉಗ್ರವಾಗಿ ವಿರೋಧಿಸಿದುದು, ಗಾಂಧೀಜಿಯವರನ್ನು ಹೀನಾಯವಾಗಿ ನಿಂದಿಸಿದುದು, 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನರು ಸಾಯುತ್ತಿರುವಾಗ ಧಾನ್ಯ ಸಾಗಿಸುವ ವಿಷಯದಲ್ಲಿ ಆತನ ಸರಕಾರ ತೋರಿದ ಉಪೇಕ್ಷೆ ಇವು ಭಾರತೀಯರು ಮರೆಯುವ ಮಾತುಗಳಲ್ಲ. ಹಲಸೂರಿನ ಪಕ್ಕದಲ್ಲಿಯೇ ಇದ್ದು ಹಲಸೂರನ್ನು ಓದದೆ ಹೋದುದರ ಫಲವೂ ಅದರಲ್ಲಿ ಸೇರಿದೆ.

1899ರ ಮಾರ್ಚಿಯಲ್ಲಿ ಆತನು ಭಾರತವನ್ನು ಬಿಟ್ಟನು. ಮರುವರ್ಷ ಸಂಸತ್ತಿನ ಸದಸ್ಯನಾದನು. ಮುಂದಿನ ಅರವತ್ತು ವರ್ಷಗಳ ಏರಿಳಿತಗಳು ಜಗತ್ತಿಗೆ ತಿಳಿದವೇ. 1940ರಿಂದ 1945ರವರೆಗೂ, ಮತ್ತೆ 1951ರಿಂದ 1955ರವರೆಗೂ ಪ್ರಧಾನಮಂತ್ರಿಯಾಗಿದ್ದು, 1965ರ ಜನವರಿ 24ರಂದು, ತಂದೆ ಸತ್ತ ತಾರೀಖಿನಂದೇ, ತೀರಿಕೊಂಡನು.

1947ರ ನವೆಂಬರ್ ತಿಂಗಳಲ್ಲಿ, ಎಪ್ಪತ್ಮೂರನೆಯ ವರ್ಷದ ಹೊಸ್ತಿಲಲ್ಲಿ, ಆತನು ಒಂದು ಪುಟ್ಟ ಕಥನವನ್ನು ಬರೆದನು. ಅದು ಅಚ್ಚಾದುದು ಆತನು ತೀರಿಕೊಂಡ ಬಳಿಕ. ತಂದೆಯ ಹಳೆಯ ಭಾವಚಿತ್ರವೊಂದನ್ನು ನೋಡಿ ಪ್ರತಿ ಬರೆಯುತ್ತಿರುವಾಗ ಎದುರಿನ ಕುರ್ಚಿಯಲ್ಲಿ ತಂದೆಯೇ ಕುಳಿತಿರುವುದನ್ನು ಕಂಡಂತೆ ಅದರಲ್ಲಿ ವರ್ಣಿಸಿದ್ದಾನೆ. ತಂದೆಯು ತಾನು ಹೋದ ಮೇಲೆ ಲೋಕದಲ್ಲಿ ಏನೇನಾಯಿತೆಂದು ಕೇಳುತ್ತಾನೆ. ಮಗನು ಎರಡು ಮಹಾಯುದ್ಧಗಳನ್ನೂ ರಾಜ್ಯಗಳ ಪತನವನ್ನೂ ವಿವರಿಸುತ್ತಾನೆ. ಅವುಗಳಲ್ಲಿ ತನ್ನ ಪಾತ್ರವೇನೆಂಬುದನ್ನು ಮಾತ್ರ ಹೇಳುವುದಿಲ್ಲ. ಶಾಲೆಯಲ್ಲಿ ಅಷ್ಟು ಹಿಂದುಳಿದಿದ್ದ ಮಗನು ಇಷ್ಟೆಲ್ಲ ತಿಳಿದುಕೊಂಡಿರುವುದನ್ನು ಕಂಡು ತಂದೆಗೆ ಆಶ್ಚರ್ಯವಾಗುತ್ತದೆ. ರಾಜಕಾರಣಕ್ಕೆ ಇಳಿದಿದ್ದರೆ ಒಂದಿಷ್ಟು ಹೆಸರು ಗಳಿಸಬಹುದಾಗಿತ್ತೆಂದು ಆತನು ಹೇಳುತ್ತಾನೆ. ಮಗನು ಬಾಯಿ ತೆರೆಯುವಷ್ಟರಲ್ಲಿ ತಂದೆಯು ಬೆಂಕಿಕಡ್ಡಿಯನ್ನು ಗೀರುತ್ತಾನೆ. ಬೆಳಕು ಒಮ್ಮೆ ಮಿಂಚಿ, ಕುರ್ಚಿ ಬರಿದಾಗುತ್ತದೆ.